ನನ್ನ ನಂಬರಿನೊಳಗೆ ಏಳು ಜನ

ನನ್ನ ಮೊಬೈಲಿನ ಪ್ರಕಾರ ನಾನು ಐದು ತಿಂಗಳ ಗರ್ಭಿಣಿ. ಔರಾದಿನಲ್ಲಿ ತೊಗರಿ ಬೆಳೆಯುತ್ತೇನೆ, ಲಾರಿ ಓಡಿಸಬಲ್ಲೆ, ಜೊತೆಗೆ ವರನನ್ನೂ ಹುಡುಕುತ್ತಿದ್ದೇನೆ. ನಿಜವಾಗಿ ನಾನು ಬೀದರಿನ ಮೈಲೂರಿನಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿರುವ ನಿವೃತ್ತ ಗಣಿತ ಮಾಸ್ತರ.

ಯಂತ್ರವನ್ನು ಬೈಯಲಾರೆ, ತಪ್ಪು ನನ್ನದೇ. ನಮ್ಮ ಓಣಿಯವರ ಅರ್ಜಿಗಳನ್ನೆಲ್ಲ ತುಂಬಿಕೊಡುವವನು ನಾನು. ಫೋನ್ ನಂಬರಿನ ಕಾಲಂ ಬಂದಾಗ ಎಲ್ಲರದೂ ಒಂದೇ ಮಾತು: “ನಿಮ್ದೇ ಹಾಕ್ರಿ ಸರ್, ನಮ್ಮ ಸಿಮ್ಮಿನ ಭರೋಸಾ ಇಲ್ಲ.” ಹಾಕುತ್ತಿದ್ದೆ, ಒಳಗೊಳಗೇ ಉಬ್ಬುತ್ತಲೂ ಇದ್ದೆ. ಎಲ್ಲೋ ಕೂತ ಯಂತ್ರ ಇವರ ಹೊಲ, ಹೆರಿಗೆ, ಮದುವೆಗಳನ್ನು ಕೌದಿಯಂತೆ ಹೊಲಿದು ಒಬ್ಬ ಮನುಷ್ಯನನ್ನು ಮಾಡಿತು. ಅವನಿಗೆ ಬರುವ ತೊಟ್ಟಿಲ ಜಾಹೀರಾತನ್ನು ಹೆಂಡತಿಗೆ ತೋರಿಸಿ ನಗುತ್ತಿದ್ದೆ.

ನಗು ನಿಂತದ್ದು ಸವಿತಾಳಿಂದ. ಎದುರು ಮನೆಯ ಹುಡುಗಿ, ನರ್ಸಿಂಗ್ ಮುಗಿಸಿದವಳು, ಅವರ ಮನೆಯಲ್ಲಿ ಮೊದಲ ನೌಕರಿ ಹಿಡಿಯಬೇಕಾದವಳು. ಭಾಲ್ಕಿಯ ಆಸ್ಪತ್ರೆಯೊಂದಕ್ಕೆ ನೌಕರಿಯ ಜಾಲತಾಣದಲ್ಲಿ ಅರ್ಜಿ ಹಾಕಿದ್ದೆವು. ಎರಡೇ ನಿಮಿಷದಲ್ಲಿ ತಿರಸ್ಕಾರ ಬಂತು. ಒಂದೇ ನಂಬರಿಗೆ ಏಳು ಹೆಸರುಗಳಿವೆ, ಆದ್ದರಿಂದ ನಕಲಿ ವ್ಯಕ್ತಿ ಎಂದು ಯಂತ್ರ ತೀರ್ಮಾನಿಸಿತ್ತು.

“ನಾ ಇಲ್ಲೇ ಕುಂತೀನಲ್ರಿ ಸರ್, ಹ್ಯಾಂಗ ನಕಲಿ ಆಗ್ತೇನ್ರಿ?” ಎಂದಳು. ಸಂದರ್ಶನ ಸೋಮವಾರ ಇತ್ತು. ನನಗೆ ಊಟ ಸೇರಲಿಲ್ಲ.

ದತ್ತಾಂಶ ರಕ್ಷಣೆಯ ಹೊಸ ಕಾಯ್ದೆಯ ಸುದ್ದಿಯನ್ನು ಹಿಂದೊಮ್ಮೆ ಓದಿ, ದೊಡ್ಡವರ ಉಸಾಬರಿ ನಮಗೇಕೆಂದು ಪತ್ರಿಕೆ ಮಡಚಿಟ್ಟಿದ್ದೆ. ಈಗ ಕನ್ನಡಕ ಏರಿಸಿ ಕೂತೆ. ನಮ್ಮ ಬಗ್ಗೆ ತಪ್ಪು ಬರೆದಿಟ್ಟಿದ್ದರೆ ತಿದ್ದಿಸಿಕೊಳ್ಳಬಹುದು. ನಮ್ಮ ಮಾಹಿತಿ ಬಳಸಲು ನಮ್ಮ ಒಪ್ಪಿಗೆ ಕೇಳಬೇಕು. ನಮ್ಮ ಓಣಿಯಲ್ಲಿ ಕೇಳುವ ಪದ್ಧತಿಯೇ ಇಲ್ಲ. ಹಾಕ್ರಿ ಎಂದರೆ ಹಾಕುವುದು, ಅಷ್ಟೆ.

ಮಂಡಿನೋವು ಮರೆತು ಉಳಿದ ಆರು ಮನೆಗೂ ಹೋದೆ. ನಿಮ್ಮ ಸ್ವಂತ ನಂಬರು ಕೊಡಲು ಒಪ್ಪಿಗೆಯೇ ಎಂದರೆ, “ಇದಕ್ಕೇನ್ ಕೇಳ್ತೀರಿ ಸರ್? ಮೊದಲ ಚಾ ಕುಡೀರಿ” ಎಂದರು. ಆರು ಚಹಾ ಕುಡಿದು ಬಂದು, ತಪ್ಪೊಪ್ಪಿಕೊಂಡು, ತಿದ್ದುಪಡಿ ಕೋರಿ ಜಾಲತಾಣದ ದೂರು ವಿಭಾಗಕ್ಕೆ ಬರೆದೆ.

ಶನಿವಾರ ಆ ವಿಭಾಗದಿಂದ ಫೋನ್ ಬಂತು. ಆ ಕಡೆಯ ದನಿ ಮೊದಲು ಒಮ್ಮೆ ಕೆಮ್ಮಿತು. ಯಂತ್ರ ಕೆಮ್ಮುವುದಿಲ್ಲ; ಆ ಕೆಮ್ಮು ಕೇಳಿ ನನಗಾದ ಸಮಾಧಾನ ಹೇಳತೀರದು. “ಪತ್ರ ನಾನೇ ಪೂರ್ತಿ ಓದಿದೆ ಸರ್. ಸರಿಮಾಡಿದ್ದೇನೆ, ಸೋಮವಾರ ಸವಿತಾ ಅವರು ಹೋಗಲಿ” ಎಂದಳು ಆಕೆ. ಹೆಸರು ಕೇಳುವುದನ್ನು ಮರೆತೆ. ಯಾರ ಮಗಳೋ, ತಣ್ಣಗಿರಲಿ.

ನೌಕರಿ ಆಯಿತು. ಸೇರುವ ಹಿಂದಿನ ದಿನ ಸವಿತಾ ಒಂದು ಫಾರಂ ಹಿಡಿದು ಬಂದಳು. ತನ್ನ ನಂಬರನ್ನು ತಾನೇ ಬರೆದಿದ್ದಳು. ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ಪೆನ್ನು ನಿಂತಿತ್ತು.

“ಒಂದು ಅಪ್ಪಂದು ಬರ್ದೀನ್ರಿ ಸರ್. ಇನ್ನೊಂದು ನಿಮ್ದು ಬರೀಲೇನ್ರಿ?”

ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಬರಿಯವ್ವ ಎಂದೆ. ನನ್ನ ನಂಬರು ಅವಳಿಗೆ ಬಾಯಿಪಾಠ. ಆದರೂ ಒಂದೊಂದೇ ಅಂಕಿಯನ್ನು ನಿಧಾನವಾಗಿ ಹೇಳಿದೆ. ಅವಳೂ ಗೊತ್ತಿಲ್ಲದವಳ ಹಾಗೆ ಕೇಳಿ ಕೇಳಿ ಬರೆದುಕೊಂಡಳು.