ಟವಲ್ ತೆಗೆದಿದ್ದಕ್ಕೆ ಸಾಹೇಬರಿಗೆ ಸಿಟ್ಟು

ಈ ಟೈಪು ಮಾಡುವ ಕರ್ಮ ನನಗೆ ಬೇಕಿರಲಿಲ್ಲ, ಸ್ನೇಹಿತರೇ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಎದುರಿಗೆ ಕೇಳಿದರೆ ಸಾಹೇಬರು ಕಾರು ಹತ್ತಿ ಹೋದರು, ಅದಕ್ಕೇ ಬರೆಯಬೇಕಾಗಿ ಬಂತು.

ಇವತ್ತು ಕೋಡಿಹಳ್ಳಿಯ ದನದ ಸಂತೆಗೆ ಮೇಲ್ಮನೆಯ ಸದಸ್ಯರೊಬ್ಬರು ಜೋಡಿ ಎತ್ತು ಕೊಳ್ಳಲು ಬಂದಿದ್ದರು. ನಾನೇ ದಲ್ಲಾಳಿ. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತಲಿನವರಿಗೆ ಕಾಣದಂತೆ ಕೈ ಮೇಲೆ ಟವಲ್ ಹೊದಿಸಿ, ಒಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಸಾಹೇಬರ ಬೆರಳು ಹಿಡಿದುಕೊಂಡೇ ಕೇಳಿದೆ:

"ಸ್ವಾಮಿ, ಕೋರ್ಟಿನ ಅಪ್ಪಣೆ ಇಲ್ದೆ ನಮ್ ಫೋನು ಕದ್ದು ಕೇಳ್ಬೋದು ಅಂತ ಕಾನೂನು ಮಾಡವ್ರಂತೆ. ಫ್ಯಾಕ್ಟರಿಗೆ ಜಮೀನು ಕೊಡಲ್ಲ ಅಂತ ಮರಳವಾಡಿಯೋರು ನಾವು ಮಾತಾಡ್ಕಂಡ್ರೆ ಅದ್ನೂ ಕೇಳ್ತಾರಾ? ಮೇಲ್ಮನೇಲಿ ನೀವೇನಂದ್ರಿ?"

"ಎಲ್ರೂ ಕೈ ಎತ್ತುದ್ರು, ನಾನೂ ಎತ್ತಿದೆ ಗೌಡ್ರೇ. ತಪ್ಪು ಮಾಡ್ದೇ ಇರೋರಿಗೆ ಮುಚ್ಚಿಡಾಕೆ ಏನೈತೆ?"

"ಅಂಗಾ? ಸರಿ ಬುಡಿ," ಎಂದು ಟವಲ್ ಎಳೆದುಬಿಟ್ಟೆ. ಸಾಹೇಬರ ಎರಡು ಬೆರಳು ನನ್ನ ಮುಷ್ಟಿಯಲ್ಲಿ ಎಲ್ಲರಿಗೂ ಕಂಡವು. ಸುತ್ತ ನಿಂತಿದ್ದವರು ಕತ್ತು ಚಾಚಿದರು.

"ಏಯ್, ಟವಲ್ ಹಾಕಯ್ಯ! ಎಲ್ರೂ ನೋಡ್ತಾವ್ರೆ!"

"ನೋಡ್ಲಿ ಬುಡಿ, ತಪ್ಪೇನ್ ಮಾಡಿದ್ದೀವಿ?"

"ನಮ್ ವ್ಯವಹಾರ ಊರೋರಿಗೆಲ್ಲ ಯಾಕಯ್ಯ?" ಎಂದು ಕೈ ಕಿತ್ತುಕೊಂಡು ಹೊರಟೇಬಿಟ್ಟರು. ವ್ಯಾಪಾರ ಮುರಿಯಿತು. ಎತ್ತು ಮಾರಲು ಬಂದವನು ನನ್ನನ್ನು ಬೈದ.

ಸಾಹೇಬರ ಕಡೆಯವರು ಯಾರಾದರೂ ಇದನ್ನು ಓದಿ ಹೇಳಿ. ಅವರಿಗೆ ಎತ್ತು ಬೇಡವಾದರೆ ಬೇಡ. ನಮ್ಮ ಫೋನು ಕದ್ದು ಕೇಳಲು ಜಡ್ಜ್ ಅಪ್ಪಣೆ ಬೇಕೋ ಬೇಡವೋ, ಈ ತಿಂಗಳ ಮೂವತ್ತನೇ ತಾರೀಕಿನೊಳಗೆ ನನಗೆ ಉತ್ತರ ಬರಬೇಕು.