ಶಾಂತವ್ವ ಮೇಜಿನ ಮೇಲೆ ಬಿಟ್ಟುಹೋದ ಕಾರ್ಡು

ಎರಡು ವರ್ಷಗಳ ಹಿಂದಿನ ಮಾತು. ಇಳಕಲ್ಲಿನ ನೇಕಾರ ಮಹಿಳೆಯರ ಒಂದು ಸಂಘಕ್ಕಾಗಿ ನಾನು ಸದಸ್ಯತ್ವದ ವೆಬ್ ತಂತ್ರಾಂಶ ಸಿದ್ಧಪಡಿಸಿದ್ದೆ. ಸಂಘದ ಗುರುತಿನ ಕಾರ್ಡು ಇದ್ದವರಷ್ಟೇ ಆ ವರ್ಷ ಸ್ವಂತ ಮಗ್ಗಕ್ಕೆ ಅರ್ಜಿ ಹಾಕಬಹುದಿತ್ತು.

ಹಳೆಯ ನಮೂನೆಯಲ್ಲಿ ‘ಪತಿಯ ಹೆಸರು’ ಎಂಬ ಖಾನೆ ಕಡ್ಡಾಯವಾಗಿತ್ತು. ದುಡಿಯುವ ಹೆಣ್ಣನ್ನು ಗಂಡನ ಹೆಸರಿನಿಂದ ಗುರುತಿಸುವುದು ಅನ್ಯಾಯವೆಂದು ಸಭೆಯಲ್ಲಿ ವಾದಿಸಿ ಗೆದ್ದೆ. ತಂತ್ರಾಂಶದಲ್ಲಿ ತಿದ್ದುವುದು ಸುಲಭವಿತ್ತು. ಪ್ರತಿ ಖಾನೆಯ ಶೀರ್ಷಿಕೆಯೇನು, ಅದು ಕಡ್ಡಾಯವೇ ಎಂಬ ವಿವರಗಳನ್ನು ‘ಮಾಡೆಲ್’ ಎಂಬ ಒಂದೇ ಕಡೆ ಬರೆದಿಡುತ್ತೇವೆ. ಪುಟದ ಅಚ್ಚು, ಅಂದರೆ ಟೆಂಪ್ಲೇಟು, ಅವನ್ನು ಅಲ್ಲಿಂದಲೇ ಕೇಳಿ ಪಡೆದು ತೋರಿಸುತ್ತದೆ. ಮಾಡೆಲ್ಲಿನಲ್ಲಿ ‘ತಾಯಿಯ ಹೆಸರು’ ಎಂದು ಬರೆದೆ. ಅರ್ಜಿಯ ಪುಟಗಳೆಲ್ಲ ತಾವಾಗಿಯೇ ಬದಲಾದವು.

ಮೊದಲು ಅರ್ಜಿ ತುಂಬಿಸಿದವರು ಶಾಂತವ್ವ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವುದು ಅವರ ಕೆಲಸ. ಮದುವೆಯಾದವರಲ್ಲ.

“ಅವ್ವನ ಹೆಸರು ಹೇಳಿದ್ರ ನಡೀತೈತೇನ್ರಿ ಅಕ್ಕಾರ?”

“ಅದನ್ನೇ ಕೇಳಿರೋದು ಶಾಂತಕ್ಕ.”

“ಹಂಗಾರ ಹನಮವ್ವ ಅಂತ ಬರಕೋರಿ. ಪಾಪ, ಯಾವ ಕಾಗದದಾಗೂ ಆಕಿ ಹೆಸರು ಬಂದಿಲ್ಲ.”

ಹದಿನೈದು ದಿನಗಳ ನಂತರ ಕಾರ್ಡು ವಿತರಿಸುವ ಸಮಾರಂಭ. ವೇದಿಕೆಯ ಅತಿಥಿಯೊಬ್ಬರು ಮೊದಲ ಕಾರ್ಡು ಹಿಡಿದು ಗಟ್ಟಿಯಾಗಿ ಓದಿದರು: “ಶಾಂತವ್ವ. ಪತಿಯ ಹೆಸರು, ಹನಮವ್ವ.”

ಸಭೆ ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು: “ಏನ್ ಬೇ ಶಾಂತಿ, ಗಂಡಗ ಸೀರಿ ಉಡ್ಸೀಯೇನ?” ಅತಿಥಿಯೂ ನಕ್ಕರು. ಶಾಂತವ್ವ ಕಾರ್ಡನ್ನು ಒಮ್ಮೆ ನೋಡಿ, ಮೇಜಿನ ಮೇಲಿಟ್ಟು ಹೊರನಡೆದರು.

ಕಾರ್ಡು ಮುದ್ರಿಸುವ ಟೆಂಪ್ಲೇಟನ್ನು ನಾನು ಬಹಳ ಮೊದಲೇ ಬರೆದಿದ್ದೆ. ಅಲ್ಲಿ ಶೀರ್ಷಿಕೆಯನ್ನು ಮಾಡೆಲ್ಲಿನಿಂದ ಪಡೆಯದೆ, ಅವಸರದಲ್ಲಿ ಹಳೆಯ ನಮೂನೆ ನೋಡಿ ‘ಪತಿಯ ಹೆಸರು’ ಎಂದು ಕೈಯಾರೆ ಟೈಪ್ ಮಾಡಿಟ್ಟಿದ್ದೆ. ಅನ್ಯಾಯವೆಂದು ನಾನೇ ಖಂಡಿಸಿದ ಪದ ನನ್ನದೇ ಬರಹದಲ್ಲಿ ಉಳಿದಿತ್ತು.

ಅಂದೇ ಎಲ್ಲರ ಕಾರ್ಡುಗಳನ್ನೂ ತಿದ್ದಿ, ಶಾಂತವ್ವನವರ ಹೊಸ ಕಾರ್ಡು ಹಿಡಿದು ಅವರ ಮನೆಗೆ ಹೋದೆ. ತಪ್ಪು ಹೇಗಾಯಿತೆಂದು ವಿವರಿಸಿದೆ. ಶಾಂತವ್ವ ಎಳೆ ಕೂಡಿಸುತ್ತಲೇ ಕೇಳಿಸಿಕೊಂಡರು.

“ಒಡಲಿಗೆ ಹೊಸಾ ನೂಲ ಹಾಕಿ, ಸೆರಗಿಗೆ ಹಳೇದ ಬಿಟ್ರಿ. ನಾವು ಹಂಗ ಮಾಡಿದ್ರ ಸೀರಿ ನಮ್ಮ ಮಾರಿ ಮ್ಯಾಲೆ ಒಗೀತಾರ್ರಿ.”

“ಮಗ್ಗದ ಅರ್ಜಿಗಾದರೂ ತಗೊಳ್ಳಿ.”

“ಒಲ್ಲೆರಿ. ಸತ್ತಾಕಿ ಹೆಸರ ತಗೊಂಡು ಊರ ನಗಿಸಿದ್ದು ಸಾಕು.”

ಅರ್ಜಿಯ ಗಡುವು ಮುಗಿಯಿತು. ಶಾಂತವ್ವ ಇಂದಿಗೂ ಪರರ ಮಗ್ಗಕ್ಕೇ ಎಳೆ ಕೂಡಿಸುತ್ತಾರೆ.

ಗಂಡನ ಹೆಸರು ಕೇಳಿದ ನಮೂನೆ, ನಕ್ಕ ಸಭೆ, ನಗುವನ್ನು ತಡೆಯದ ಅತಿಥಿ ಇವರೆಲ್ಲರ ತಪ್ಪನ್ನು ಹಲವು ವೇದಿಕೆಗಳಲ್ಲಿ ಹೇಳಿದ್ದೇನೆ. ನನ್ನದನ್ನು ಹೇಳುತ್ತಿರುವುದು ಇದೇ ಮೊದಲು. ‘ತಾಯಿಯ ಹೆಸರು: ಹನಮವ್ವ’ ಎಂದಿರುವ ಆ ಕಾರ್ಡು ನನ್ನ ಚೀಲದಲ್ಲೇ ಇದೆ. ಸರಿಯಾಗಿ ಮುದ್ರಣವಾಗಿದೆ, ತೆಗೆದುಕೊಳ್ಳುವವರಿಲ್ಲ.