ವೇದಿಕೆಯ ಕೆಳಗೆ ನಿಂತ ಕಲ್ಯಾಣಿ

ಪಿಂಚಣಿಯ ಕಾಗದಕ್ಕೆ ಅಂಟಿಸಲು ಹೊಸ ಫೋಟೊ ಬೇಕೆಂದು ಹೇಳಿದ್ದರಿಂದ ಮೊನ್ನೆ ಬಂಟ್ವಾಳ ಪೇಟೆಯ ಒಂದು ಸ್ಟುಡಿಯೊಗೆ ಹೋಗಿದ್ದೆ. ಒಳಗಿನ ಕೋಣೆಯಲ್ಲಿ ಒಂದು ಕನ್ನಡಿ, ದಾರ ಕಟ್ಟಿ ತೂಗುಹಾಕಿದ ಬಾಚಣಿಗೆ, ಪೌಡರಿನ ಡಬ್ಬಿ. ನನ್ನ ತಲೆಯ ಮೇಲೆ ಬಾಚಣಿಗೆಗೆ ಈಗ ಕೆಲಸವಿಲ್ಲ. ಪೌಡರು ಮಾತ್ರ ಸ್ವಲ್ಪ ಬಳಿದುಕೊಂಡೆ. ಅದರ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಮುಖ ತನ್ನಷ್ಟಕ್ಕೆ ಎಡಕ್ಕೆ ತಿರುಗಿ, ಗದ್ದ ಮೇಲಕ್ಕೆದ್ದು, ಎಲ್ಲೋ ದೂರದ ಬೆಟ್ಟವನ್ನು ನೋಡತೊಡಗಿತು. "ಮುಖ ನೇರ ಇಡಿ, ಅಜ್ಜ" ಎಂದು ಫೋಟೊದವರು ಮೂರು ಸಲ ಹೇಳಬೇಕಾಯಿತು. ನೀವು ನಗುತ್ತೀರಿ, ನನಗೆ ಗೊತ್ತು. ಆದರೆ ಒಂದು ಕಾಲದಲ್ಲಿ ಮದರಾಸಿನ ಸಿನಿಮಾ ಕಂಪೆನಿಗಳಿಗೆ ನಾನು ಕಳಿಸುತ್ತಿದ್ದ ಫೋಟೊಗಳಲ್ಲೆಲ್ಲ ಹೀಗೆಯೇ ಬೆಟ್ಟ ನೋಡುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಭಾನುವಾರಗಳಲ್ಲಿ ಮಾತ್ರ ನಟ. ನಮ್ಮದೊಂದು ಸಣ್ಣ ನಾಟಕ ಸಂಘವಿತ್ತು. ನಾಟಕ ಬರೆಯುವವನು ನಾನೇ, ಕಲಿಸುವವನು ನಾನೇ, ನಾಯಕನೂ ನಾನೇ. ನಾಯಕಿ ಮಾತ್ರ ದರ್ಜಿ ಶೀನ. ಅವನಿಗೆ ತನ್ನ ಮೀಸೆಯ ಮೇಲೆ ಬಹಳ ಮಮತೆ. ಪ್ರತಿ ನಾಟಕಕ್ಕೂ ಅದನ್ನು ಬೋಳಿಸುವಂತೆ ಒಪ್ಪಿಸುವುದೇ ನಾಟಕ ಬರೆಯುವುದಕ್ಕಿಂತ ಕಷ್ಟದ ಕೆಲಸವಾಗಿತ್ತು. ನನ್ನ ಅಭಿನಯದ ಬಗ್ಗೆ ಹೆಚ್ಚು ಹೇಳಲಾರೆ. ಸ್ವರ ದೊಡ್ಡದಿತ್ತು. ನೇತ್ರಾವತಿಯ ಆಚೆ ದಡಕ್ಕೂ ಕೇಳಿಸುತ್ತಿತ್ತು ಎಂದು ಜನ ಹೇಳುತ್ತಿದ್ದರು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ನಾವು ಅಭ್ಯಾಸ ಮಾಡುತ್ತಿದ್ದದ್ದು ನನ್ನ ಮನೆಯ ಅಂಗಳದಲ್ಲಿ. ಬೇಲಿಯಾಚೆ ಅಪ್ಪಿಯಕ್ಕನ ಮನೆ. ಅಪ್ಪಿಯಕ್ಕ ಮತ್ತು ಅವಳ ಮಗಳು ಕಲ್ಯಾಣಿ ಜಗಲಿಯಲ್ಲಿ ಎಲೆ, ಹೊಗೆಸೊಪ್ಪು ಹರಡಿದ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಕಲ್ಯಾಣಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಅವಳ ಬೆರಳು ಎಲೆ ಸುತ್ತುವಾಗ ಬಾಯಿ ಊರನ್ನೆಲ್ಲ ಸುತ್ತುತ್ತಿತ್ತು. ಬಸ್ಸಿನ ಕಂಡಕ್ಟರು, ಸೂಜಿ ಚುಚ್ಚುವ ಡಾಕ್ಟರು, ಎಲೆ ಅಡಿಕೆ ತುಂಬಿದ ಬಾಯಲ್ಲೇ ಬಯ್ಯುವ ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಯಜಮಾನರು, ಎಲ್ಲರೂ ಅವಳ ಬಾಯಲ್ಲಿ ಆ ಜಗಲಿಗೆ ಬಂದು ಹೋಗುತ್ತಿದ್ದರು. ನಾನೂ ಹೋಗಿ ಬರುತ್ತಿದ್ದೆನೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂದು ಭಾನುವಾರ ಮಧ್ಯಾಹ್ನ ಬೆಳ್ತಂಗಡಿಯಲ್ಲಿ ನಮ್ಮ ನಾಟಕ. ಬೆಳಿಗ್ಗೆ ನೋಡಿದರೆ ಶೀನನ ಎರಡೂ ಕೆನ್ನೆ ಬಾತು ಬಾಯಿ ತೆರೆಯಲಾಗುತ್ತಿಲ್ಲ. ಮೀಸೆ ಬೋಳಿಸಿದ್ದು ವ್ಯರ್ಥವಾಯಿತೆಂಬ ದುಃಖ ಬೇರೆ. ನಾನು ಅಂಗಳದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಬೇಲಿಯಾಚೆಯಿಂದ ಕಲ್ಯಾಣಿ ಕೇಳಿದಳು.

"ಮಾಷ್ಟ್ರೆ, ನಾನು ಮಾಡಿದರೆ ಆಗ್ತದಾ?"

"ನಿನಗೆ ಮಾತು ಗೊತ್ತುಂಟಾ?"

"ಶೀನನದ್ದು ಗೊತ್ತುಂಟು. ನಿಮ್ಮದೂ ಗೊತ್ತುಂಟು. ನೀವು ಎರಡನೇ ಅಂಕದಲ್ಲಿ ಮರೆಯುವುದೂ ಗೊತ್ತುಂಟು."

ಅಪ್ಪಿಯಕ್ಕ ಗೆರಸೆಯಿಂದ ತಲೆ ಎತ್ತಲಿಲ್ಲ. "ನಾನೂ ಬರ್ತೇನೆ. ಅಷ್ಟೇ" ಎಂದಳು.

ಆ ಕಾಲದಲ್ಲಿ ನಮ್ಮ ಕಡೆ ಹೆಂಗಸರು ರಂಗ ಹತ್ತುವುದು ಸಣ್ಣ ಮಾತಾಗಿರಲಿಲ್ಲ. ಬೆಳ್ತಂಗಡಿಯವರು ಅವಳು ಹೆಣ್ಣು ವೇಷದ ಗಂಡಸೆಂದೇ ಮೊದಲು ನಂಬಿದ್ದರು. ನಾನು ಎಂದಿನಂತೆ ಗರ್ಜಿಸಿದೆ. ಅವಳು ಒಗೆದ ಬಟ್ಟೆ ಮಡಚುತ್ತಾ, ಮನೆಯಲ್ಲಿ ಮಾತಾಡುವ ಸ್ವರದಲ್ಲೇ ಉತ್ತರ ಕೊಟ್ಟಳು. ಸಭೆ ಅವಳನ್ನು ನೋಡತೊಡಗಿತು. ನಾನು ಇನ್ನೂ ಜೋರಾಗಿ ಗರ್ಜಿಸಿದೆ. ಜನ ಅವಳ ಮಾತು ಕೇಳಲು ಮುಂದಕ್ಕೆ ಬಾಗಿದರು. ಎರಡನೇ ಅಂಕದಲ್ಲಿ ನಾನು ಮರೆತೆ. ಅವಳು ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ನನ್ನ ಮಾತನ್ನು ನನಗೇ ಹೇಳಿಕೊಟ್ಟಳು. ಬಸ್ಸಿನಲ್ಲಿ ಹಿಂದೆ ಬರುವಾಗ ನನಗೆ ಹೊಟ್ಟೆಯುರಿ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಬಂಟ್ವಾಳ ತಲುಪುವ ಹೊತ್ತಿಗೆ ಅದು ಅರ್ಧ ಇಳಿದಿತ್ತು.

ಮುಂದಿನ ವರ್ಷ ಮದರಾಸಿನ ಒಂದು ಕಂಪೆನಿ ಮೂಡಬಿದಿರೆಗೆ ಚಿತ್ರೀಕರಣಕ್ಕೆ ಬಂತು. ಸಾವಿರ ಕಂಬದ ಬಸದಿಯ ಬೀದಿಯಲ್ಲಿ ರಾಜನೊಬ್ಬ ಕುದುರೆಯ ಮೇಲೆ ಬರುವ ದೃಶ್ಯ. ಊರವರು ಬೇಕಾಗಿದ್ದಾರೆಂಬ ಸುದ್ದಿ ಬಂದದ್ದೇ ನಾನು ಇಸ್ತ್ರಿ ಅಂಗಿ ತೊಟ್ಟು, ಫೋಟೊ ಜೇಬಿನಲ್ಲಿಟ್ಟು ಹೊರಟೆ. ಕಲ್ಯಾಣಿಯೂ ಅಪ್ಪಿಯಕ್ಕನೂ ಬಂದರು. ನಿರ್ದೇಶಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಸ್ತ್ರಿ ಅಂಗಿ ತೆಗೆಸಿ, ಒಂದು ತುಂಡು ಬಟ್ಟೆ ಉಡಿಸಿ, ಗುಂಪಿನ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಕಲ್ಯಾಣಿಗೆ ಒಂದು ಕೊಡ ಕೊಟ್ಟು ಬೀದಿ ದಾಟಲು ಹೇಳಿದರು.

ಅವಳು ದಾಟಿದಳು. ಆದರೆ ನಡುವೆ ಕುದುರೆ ಕಂಡು ನಿಂತು, ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ, ಆಮೇಲೆ ಹೋದಳು.

"ಯಾಕಮ್ಮಾ ನಿಂತೆ? ನಾನು ನಿಲ್ಲು ಅಂದ್ನಾ?" ಎಂದರು ನಿರ್ದೇಶಕರು.

"ಕೊಡ ತುಂಬಿದೆ ಅಂತ ಅಲ್ವಾ ಸಾರ್? ಭಾರ ಆಗ್ತದೆ. ಮತ್ತೆ, ರಾಜ ಬಂದರೆ ಯಾರೂ ನೋಡದೆ ಹೋಗುವುದಿಲ್ಲ."

ಕೊಡ ಖಾಲಿಯಿತ್ತು. ಅವರು ಅದರೊಳಗೆ ಇಣುಕಿ ನೋಡಿ, "ಹಾಗೇ ಇನ್ನೊಂದ್ಸಲ ಮಾಡು" ಎಂದರು. ಆ ಚಿತ್ರ ಬಂದಾಗ ನಾವೆಲ್ಲ ಹೋಗಿ ನೋಡಿದೆವು. ಕಲ್ಯಾಣಿ ಕಣ್ಣು ಮಿಟುಕಿಸುವಷ್ಟು ಹೊತ್ತು ಇದ್ದಳು. ನನ್ನ ಬೆನ್ನೂ ಇತ್ತೆಂದು ಇಂದಿಗೂ ವಾದಿಸುತ್ತೇನೆ.

ಅಲ್ಲಿಂದ ಅವಳಿಗೆ ಸಿನಿಮಾದಲ್ಲಿ ನಟಿಸುವ ಹಟ ಹಿಡಿಯಿತು. ಕಂಪೆನಿಗಳಿಗೆ ಕಾರ್ಡು ಬರೆದು ಕೊಟ್ಟವನು ನಾನು. ಉತ್ತರ ಒಂದೂ ಬರಲಿಲ್ಲ. "ಅವರು ಕರೆಯುವವರೆಗೆ ಕೂತರೆ ನಾನು ಬೀಡಿ ಕಟ್ಟುತ್ತಲೇ ಮುದುಕಿ ಆಗ್ತೇನೆ. ನಾವೇ ಏನಾದರೂ ಮಾಡುವ, ಮಾಷ್ಟ್ರೆ" ಎಂದಳು. ನನ್ನ ನಾಟಕ ಕೇಳುತ್ತಾಳೆಂದುಕೊಂಡೆ. ಅವಳು ಕೇಳಲಿಲ್ಲ. ತಾನೇ ಒಂದು ಆಟ ಕಟ್ಟಿದಳು: ಬಸ್ಸಿಗೆ ಕಾಯುವ ಏಳು ಜನ, ಏಳೂ ಅವಳೇ. ಒಂದು ಶಾಲು, ಒಂದು ಕೊಡೆ, ಒಂದು ಚೀಲ. ಬಸ್ಸು ಬರುವುದೇ ಇಲ್ಲ. ಕಲ್ಲಡ್ಕದ ಮಹಿಳಾ ಸಮಾಜದಲ್ಲಿ ಮೊದಲು ಮಾಡಿದಳು. ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಕಕ್ಕಿಂಜೆ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಾನೇ ಏರ್ಪಾಡು ಮಾಡಿದೆ. ಚಾರ್ಮಾಡಿ ಘಾಟಿಯ ಬುಡ. ಎರಡು ಬಸ್ಸು ಬದಲಿಸಿ ಹೋಗಬೇಕು. ಅಪ್ಪಿಯಕ್ಕನೂ ಸೇರಿ ಮೂವರು ಹೋಗಿ ಇಳಿದರೆ ಮುಖ್ಯೋಪಾಧ್ಯಾಯರು ಗೇಟಿನಲ್ಲೇ ಕೈ ಹಿಸುಕುತ್ತಾ ನಿಂತಿದ್ದರು.

"ತಪ್ಪು ತಿಳಿಯಬೇಡಿ ಮಾರಾಯ್ರೆ. ಹೆಂಗಸು ವೇದಿಕೆ ಹತ್ತುವುದು ಬೇಡ ಅಂತ ಸಮಿತಿಯವರು ಹೇಳ್ತಾರೆ."

ನಾನು ಜಗಳಕ್ಕೆ ಸಿದ್ಧನಾದೆ. ಎದೆಯುಬ್ಬಿಸಿ ಉಸಿರು ಎಳೆದುಕೊಂಡದ್ದೂ ಆಯಿತು. ಕಲ್ಯಾಣಿ ನನ್ನನ್ನು ಬದಿಗೆ ಸರಿಸಿ ಮುಂದೆ ಬಂದಳು.

"ವೇದಿಕೆ ಹತ್ತುವುದಿಲ್ಲ ಸಾರ್. ಕೆಳಗೆ ನಿಲ್ಲಬಹುದಲ್ವಾ? ಅಂಗಳಕ್ಕೆ ಏನೂ ಹೇಳಲಿಲ್ಲವಲ್ಲ ಅವರು?"

ಮುಖ್ಯೋಪಾಧ್ಯಾಯರು ಗೇಟು ಬಿಟ್ಟು ಸರಿದರು. ಅವಳು ಮಕ್ಕಳು ಕೂತಿದ್ದ ಚಾಪೆಗಳ ಮುಂದೆ, ಕೆಂಪು ಮಣ್ಣಿನ ಮೇಲೆ ನಿಂತು ಶುರು ಮಾಡಿದಳು. ವೇದಿಕೆಯ ಮೇಲೆ ಕುರ್ಚಿಯಲ್ಲಿದ್ದ ಸಮಿತಿಯವರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲ ಮುದುಕಿ ಬಂದಾಗ ಮಕ್ಕಳು ನಕ್ಕರು. ಕಂಡಕ್ಟರು ಬಂದಾಗ ದೊಡ್ಡವರೂ ನಕ್ಕರು. ಕೊನೆಗೆ ಬರುವವಳು, ಗಂಡನ ಮನೆಯಿಂದ ತವರಿಗೆ ಹೊರಟ ಹುಡುಗಿ. ಅವಳು ಹೆಚ್ಚು ಮಾತಾಡುವುದಿಲ್ಲ, ಚೀಲ ಹಿಡಿದು ದಾರಿ ನೋಡುತ್ತಾಳೆ. ಮಕ್ಕಳೂ ತಿರುಗಿ ದಾರಿಯ ಕಡೆ ನೋಡಿದರು. ಆಗ ನಾನು ತಲೆ ಎತ್ತಿ ನೋಡಿದರೆ ವೇದಿಕೆ ಖಾಲಿ. ಸಮಿತಿಯವರು ಒಬ್ಬೊಬ್ಬರೇ ಮೆಟ್ಟಿಲಿಳಿದು ಮಕ್ಕಳ ಹಿಂದೆ ಬಂದು ನಿಂತಿದ್ದರು. ಅವರಲ್ಲಿ ಹಿರಿಯರಾದ ಜೈನ ಜಮೀನ್ದಾರರೊಬ್ಬರು ಆಟ ಮುಗಿದ ಮೇಲೆ ಕಲ್ಯಾಣಿಯ ಹತ್ತಿರ ಬಂದು, "ಬರುವ ವರ್ಷ ಮೇಲೆ ಮಾಡು ಮಗಾ. ಹಿಂದೆ ಕೂತವರಿಗೆ ಕಾಣುವುದಿಲ್ಲ" ಎಂದರು. ಅವಳು ಅಲ್ಲಿ ನಕ್ಕಳು. ಹಿಂದೆ ಬರುವಾಗ ಬಸ್ಸಿನಲ್ಲಿ ಅಮ್ಮನ ಭುಜಕ್ಕೆ ಮುಖವಿಟ್ಟು ಅತ್ತಳು.

ಎಲ್ಲವೂ ಹೀಗೆ ಸುಲಭವಾಗಿ ಆಗಲಿಲ್ಲ. ಕಲ್ಲಡ್ಕದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಸಾಧು. ಇನ್ನು ವೇಷ ಕಟ್ಟುವುದಿಲ್ಲ ಎಂದು ಮಾತು ಕೊಟ್ಟರೆ ಮಾತ್ರ ಮದುವೆ ಎಂದು ಮಧ್ಯಸ್ಥರು ಹೇಳಿದರು. ಅಪ್ಪಿಯಕ್ಕ, "ಅವಳನ್ನೇ ಕೇಳಿ. ಮದುವೆ ಅವಳಿಗೆ" ಎಂದಳು. ಕಲ್ಯಾಣಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬೇಡವೆಂದಳು. ಊರು ಆಡಬೇಕಾದದ್ದನ್ನೆಲ್ಲ ಆಡಿತು.

ಆ ಬೇಸಗೆಯಲ್ಲಿ ಕೊಡದ ದೃಶ್ಯ ತೆಗೆದ ನಿರ್ದೇಶಕರಿಂದಲೇ ಕಾಗದ ಬಂತು. ಒಂದು ಸೂಲಗಿತ್ತಿಯ ಪಾತ್ರ, ನಾಲ್ಕು ಮಾತು. ತಾಯಿ ಮಗಳು ಮಂಗಳೂರಿನಿಂದ ಮದರಾಸಿನ ರೈಲು ಹತ್ತಿದರು. ತಿಂಗಳುಗಳ ನಂತರ ಬಂಟ್ವಾಳದ ಟೆಂಟು ಸಿನಿಮಾದಲ್ಲಿ ಆ ಚಿತ್ರ ಬಂದಾಗ ನಮ್ಮ ಬೀದಿಯೇ ಎದ್ದು ಹೋಗಿತ್ತು. ಪರದೆಯ ಮೇಲೆ ಕಲ್ಯಾಣಿ ಬಂದಳು, ಬಾಯಿ ತೆರೆದಳು. ಬಂದದ್ದು ಬೇರೆ ಯಾರದೋ ಸ್ವರ. ಅವಳ "ಬರ್ತೇನೆ" ಅಲ್ಲಿ "ಬರ್ತೀನಿ" ಆಗಿತ್ತು. ನಮ್ಮ ಕಡೆಯ ಮಾತು ಸರಿಹೋಗುವುದಿಲ್ಲವೆಂದು ಅವಳಿಗೆ ತಿಳಿಸದೆ ಬದಲಿಸಿದ್ದರು. ಕತ್ತಲಲ್ಲಿ ಅಪ್ಪಿಯಕ್ಕ ಮೆಲ್ಲಗೆ, "ಇದು ಯಾರು, ಮಗಾ?" ಎಂದು ಕೇಳಿದ್ದು ನನಗೂ ಕೇಳಿಸಿತು.

ಅವಳು ಬಿಟ್ಟುಬಿಡುತ್ತಾಳೆಂದು ನಾನು ತಿಳಿದೆ, ನಾನಾಗಿದ್ದರೆ ಬಿಡುತ್ತಿದ್ದೆ. ಕಲ್ಯಾಣಿ ಮರುವಾರ ಬೀಡಿಯ ಗೆರಸೆ ಹಿಡಿದುಕೊಂಡು, ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬ ಅಧಿಕಾರಿಯ ಮನೆಗೆ ಹೋದಳು. ಆ ಮನೆಯ ಅಮ್ಮನಿಗೆ ಮಾತಾಡಲು ಊರಲ್ಲಿ ಜನವಿರಲಿಲ್ಲ. ಇವಳಿಗೆ ಕೇಳಲು ಮಾತು ಬೇಕಿತ್ತು. ಒಂದು ವರ್ಷ ಮಧ್ಯಾಹ್ನವೆಲ್ಲ ಅವರು ಮಾತಾಡಿದರು, ಇವಳು ಬೀಡಿ ಕಟ್ಟುತ್ತಾ ಕೇಳಿದಳು. ಮುಂದಿನ ಕರೆ ಬಂದಾಗ ನನ್ನಿಂದ ಬರೆಸಿದ ಉತ್ತರ ಇಷ್ಟೇ: "ಪಾತ್ರ ಸಣ್ಣದಾದರೂ ಆಗಬಹುದು. ಸ್ವರ ನನ್ನದೇ ಇರಬೇಕು. ನಿಮ್ಮ ಕಡೆಯ ಮಾತು ಕಲಿತಿದ್ದೇನೆ, ಪರೀಕ್ಷೆ ಮಾಡಿ ನೋಡಿ."

ಪರೀಕ್ಷೆ ಮಾಡಿದರು, ಪಾಸಾದಳು. ಆ ಚಿತ್ರದಲ್ಲಿ ಅವಳು ಹಣ್ಣು ಮಾರುವವಳು. ಟೆಂಟಿನಲ್ಲಿ ಅವಳ ಮೊದಲ ಮಾತು ಕೇಳಿದ್ದೇ ಅಪ್ಪಿಯಕ್ಕ ಎದ್ದು ನಿಂತಳು. ಹಿಂದಿನವರು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಬೊಬ್ಬೆ ಹಾಕಿದರೂ ಆ ದೃಶ್ಯ ಮುಗಿಯುವವರೆಗೆ ಕೂರಲಿಲ್ಲ.

ಕಲ್ಯಾಣಿ ನಾಯಕಿಯಾಗಲಿಲ್ಲ. ಆಗಬೇಕೆಂದು ಅವಳು ಹೇಳಿದ್ದನ್ನೂ ನಾನು ಕೇಳಿಲ್ಲ. ದಾದಿ, ಅತ್ತೆ, ನೆರೆಮನೆಯವಳು, ಜೈಲಿನ ವಾರ್ಡರು, ಹೀಗೆ ವರ್ಷಕ್ಕೆ ಒಂದೆರಡು ಸಿನಿಮಾ. ಉಳಿದ ದಿನ ತನ್ನದೇ ತಂಡ, ಅದರಲ್ಲಿ ನಾಲ್ವರು ಹೆಂಗಸರು. ಬೆಳ್ತಂಗಡಿ, ಮೂಡಬಿದಿರೆ ಎಂದು ಕರೆದಲ್ಲಿಗೆಲ್ಲ ಹೋದರು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಆ ಜಗಲಿಯಲ್ಲಿ ಗೆರಸೆ ಇರಲಿಲ್ಲ. ನಾನು ತಂಡಕ್ಕೆ ನಾಟಕ ಬರೆದುಕೊಟ್ಟೆ. ನಾಯಕನ ಪಾತ್ರ ಬರೆಯುವುದನ್ನು ಮಾತ್ರ ನಿಲ್ಲಿಸಿದೆ.

ಮೊನ್ನೆ ಫೋಟೊ ತೆಗೆಸಿಕೊಂಡ ನಾನು ಮನೆಗೆ ಹೋಗುವ ಬದಲು ಅವಳ ಮನೆಯ ದಾರಿ ಹಿಡಿದೆ. ನಾನು ಬೇಲಿಯ ಪಕ್ಕದ ಹಳೆಯ ಮನೆ ಬಿಟ್ಟು ಪೇಟೆಯ ಇನ್ನೊಂದು ಬದಿಗೆ ಬಂದ ಮೇಲೆ ಅಲ್ಲಿಗೆ ಹೋಗುವುದು ಅಪರೂಪವಾಗಿತ್ತು. ಕಲ್ಯಾಣಿ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಪಾತ್ರದ ಮಾತು ಬರೆದ ಕಾಗದ ಓದುತ್ತಿದ್ದಳು. ಬರುವ ವಾರ ಚಿತ್ರೀಕರಣವಂತೆ, ಅಜ್ಜಿಯ ಪಾತ್ರ.

"ಒಳ್ಳೆಯ ಹೊತ್ತಿಗೆ ಬಂದಿರಿ. ಅಜ್ಜನ ಮಾತು ಹೇಳಲಿಕ್ಕೆ ಯಾರೂ ಇಲ್ಲ. ಓದಿ, ನೋಡುವ" ಎಂದು ಕಾಗದ ಕೈಗಿತ್ತಳು.

ನಾನು ಗಂಟಲು ಸರಿಮಾಡಿಕೊಂಡು, "ಊಟ ಆಯ್ತಾ?" ಎಂಬ ಅಜ್ಜನ ಮೊದಲ ಮಾತು ಓದಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

"ಮೆಲ್ಲ, ಮಾಷ್ಟ್ರೆ. ನಾನು ಇಲ್ಲೇ ಇದ್ದೇನಲ್ಲ."

ಹೌದು, ಒಂದು ಮೊಳ ದೂರದಲ್ಲೇ ಇದ್ದಳು. ನಾನು ಕಾಗದ ಕೆಳಗಿಟ್ಟು, ಅವಳ ಮುಖ ನೋಡಿ, ಮನೆಯಲ್ಲಿ ಕೇಳುವಂತೆ ಕೇಳಿದೆ: "ಊಟ ಆಯ್ತಾ?" ಅವಳು ಕನ್ನಡಕ ತೆಗೆದು ಉತ್ತರ ಕೊಟ್ಟಳು. ಅದು ಅಜ್ಜಿಯ ಮಾತೋ ಅವಳದೇ ಮಾತೋ ನನಗೆ ತಿಳಿಯಲಿಲ್ಲ. ನಾವು ಮತ್ತೊಮ್ಮೆ ಮೊದಲಿನಿಂದ ಶುರು ಮಾಡಿದೆವು.